ಅಂಗಳಕ್ಕೆ ಶಾಲೆ ತಂದ ತಾರಾಬಾಯಿ

ಅಂಗನವಾಡಿ ಎಂಬ ಪದವನ್ನು ಅರಿಯದ ಹಳ್ಳಿ ಕರ್ನಾಟಕದಲ್ಲಿಲ್ಲ. ಗರ್ಭಿಣಿಯರ ಆಹಾರ, ಕೂಸುಗಳ ತೂಕ, ಲಸಿಕೆಯ ದಿನ, ಮನೆಮನೆ ಸಮೀಕ್ಷೆ, ಹೀಗೆ ಸರ್ಕಾರದ ಹತ್ತು ಹಲವು ಕೆಲಸಗಳು ಕೊನೆಗೆ ಬಂದು ನಿಲ್ಲುವುದು ಅದರ ಬಾಗಿಲಿನಲ್ಲಿಯೇ. ಆದರೆ ಆ ಪದವನ್ನು ಶಿಕ್ಷಣದ ಭಾಷೆಗೆ ತಂದ ತಾರಾಬಾಯಿ ಮೋಡಕ್ ಅವರನ್ನು ನಮ್ಮಲ್ಲಿ ನೆನೆಯುವವರು ವಿರಳ. 2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತರಗತಿ ತೆರೆಯುವ ನಿರ್ಧಾರದ ವಿರುದ್ಧ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದಾಗ ದೊಡ್ಡ ಚರ್ಚೆಯೇ ನಡೆಯಿತು. ಮೂರು ತುಂಬಿದ ಮಗು ಯಾವ ಇಲಾಖೆಯ ಸೂರಿನಡಿ ಕೂಡಬೇಕು ಎಂಬುದರ ಸುತ್ತ ಮಾತು ತಿರುಗಿತು. ಮೂರು ತುಂಬುವ ಮುನ್ನ ಆ ಮಗು ಎಲ್ಲಿತ್ತು, ಯಾರ ಕಂಕುಳಲ್ಲಿತ್ತು ಎಂಬ ಪ್ರಶ್ನೆ ಅಷ್ಟಾಗಿ ಕೇಳಿಬರಲಿಲ್ಲ. ತಾರಾಬಾಯಿಯವರ ಬದುಕಿನ ಕೊನೆಯ ಮೂರು ದಶಕಗಳನ್ನು ಕಾಡಿದ್ದು ಈ ಎರಡನೆಯ ಪ್ರಶ್ನೆ.

ನಾನು ಸವದತ್ತಿ ಸೀಮೆಯ ಚಚಡಿಯವಳು. ಓದಿದ್ದು, ಕಲಿಸಿದ್ದು ಶಿಶು ವಿಕಾಸ. ಹತ್ತಿ ಬಿಡಿಸುವ ದಿನಗಳಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು ಎರೆಹೊಲಕ್ಕೆ ನಡೆದರೆ ಮರಳುವುದು ಹೊತ್ತು ಮುಳುಗುವಾಗ. ಮೊಲೆಗೂಸಾದರೆ ಬೇವಿನ ಟೊಂಗೆಗೆ ಕಟ್ಟಿದ ಹಳೆಯ ಸೀರೆಯ ಜೋಳಿಗೆಯಲ್ಲಿ ಮಲಗುತ್ತಿತ್ತು. ನಡೆಯಲು ಕಲಿತ ಕೂಸಾದರೆ ಮನೆಯಲ್ಲಿ ಎಂಟು ಹತ್ತು ವರ್ಷದ ಅಕ್ಕನ ಪಾಲಿಗೆ ಬರುತ್ತಿತ್ತು. ನನ್ನ ಓರಗೆಯ ಹಲವು ಹುಡುಗಿಯರು ಶಾಲೆ ಬಿಟ್ಟದ್ದು ಪುಸ್ತಕ ಕೊಳ್ಳಲಾಗದೆ ಅಲ್ಲ, ಕೂಸು ನೋಡುವವರಿಲ್ಲದೆ. ಫ್ರೋಬೆಲ್, ಮಾಂಟೆಸ್ಸರಿ, ಪಿಯಾಜೆ ಎಂದು ಪರೀಕ್ಷೆಗಾಗಿ ಓದಿದ ಯಾವ ಅಧ್ಯಾಯದಲ್ಲಿಯೂ ನನಗೆ ಈ ಅಕ್ಕಂದಿರು ಸಿಕ್ಕಿರಲಿಲ್ಲ. ಅವರು ಸಿಕ್ಕಿದ್ದು ತಾರಾಬಾಯಿಯವರ ಬದುಕನ್ನು ಓದಿದಾಗ.

ತಾರಾಬಾಯಿ ಹುಟ್ಟಿದ್ದು 1892ರ ಏಪ್ರಿಲ್ 19ರಂದು, ಮುಂಬಯಿಯಲ್ಲಿ. ತವರು ಮನೆತನದ ಹೆಸರು ಕೇಳ್ಕರ್. ತಂದೆ ಸದಾಶಿವ ಕೇಳ್ಕರ್ ಪ್ರಾರ್ಥನಾ ಸಮಾಜದ ಪ್ರಮುಖರಲ್ಲೊಬ್ಬರು. ಹೆಣ್ಣುಮಕ್ಕಳು ಓದಬೇಕೆಂಬುದು ಆ ಮನೆಯಲ್ಲಿ ವಾದದ ವಿಷಯವಾಗಿರಲಿಲ್ಲ. 1914ರಲ್ಲಿ ಅವರು ಮುಂಬಯಿ ವಿಶ್ವವಿದ್ಯಾಲಯದ ಪದವೀಧರೆಯಾದರು. ಅಮರಾವತಿಯ ವಕೀಲ ಮೋಡಕ್ ಅವರನ್ನು ವಿವಾಹವಾದರು. ಆ ದಾಂಪತ್ಯ ಬಾಳಲಿಲ್ಲ. 1921ರ ಹೊತ್ತಿಗೆ ಮುರಿದುಬಿದ್ದಿತ್ತು. ಎಳೆಯ ಮಗಳೊಂದಿಗೆ ಒಂಟಿಯಾಗಿ ಬದುಕು ಕಟ್ಟಿಕೊಳ್ಳಬೇಕಾದ ಆಕೆ ರಾಜಕೋಟೆಯ ಬಾರ್ಟನ್ ಮಹಿಳಾ ತರಬೇತಿ ಕಾಲೇಜಿನ ಪ್ರಾಂಶುಪಾಲೆಯಾದರು. ಆ ಕಾಲದ ಭಾರತೀಯ ಮಹಿಳೆಗೆ ಅದು ಸಣ್ಣ ಹುದ್ದೆಯಲ್ಲ. ಗೌರವವಿತ್ತು, ಸಂಬಳವಿತ್ತು, ಭದ್ರತೆಯಿತ್ತು.

ಅದನ್ನು ಬಿಟ್ಟು ಅವರು 1923ರಲ್ಲಿ ಭಾವನಗರಕ್ಕೆ ಹೋದರು. ಅಲ್ಲಿ ನಾನಾಭಾಯಿ ಭಟ್ಟರು ಸ್ಥಾಪಿಸಿದ್ದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಗಿಜುಭಾಯಿ ಬಧೇಕಾ ಎಂಬ ಮಾಜಿ ವಕೀಲರು 1920ರಿಂದ ಬಾಲಮಂದಿರವೊಂದನ್ನು ನಡೆಸುತ್ತಿದ್ದರು. ಸ್ವಂತ ಮಗನ ಶಿಕ್ಷಣದ ಚಿಂತೆಯಿಂದ ಮಾಂಟೆಸ್ಸರಿಯವರ ಬರಹಗಳನ್ನು ಕೈಗೆತ್ತಿಕೊಂಡು, ಕೊನೆಗೆ ವಕೀಲಿಕೆಯನ್ನೇ ತ್ಯಜಿಸಿದ್ದ ವ್ಯಕ್ತಿ ಅವರು. ಗುಜರಾತಿನ ಜನ ಅವರನ್ನು ಪ್ರೀತಿಯಿಂದ ಮೀಸೆಯುಳ್ಳ ತಾಯಿ ಎಂದು ಕರೆದರು. ಮಗುವನ್ನು ಹೊಡೆಯಬಾರದು, ಹೆದರಿಸಬಾರದು, ಬಹುಮಾನದ ಆಸೆಯನ್ನೂ ತೋರಿಸಬಾರದು. ಕೈಗೆ ಕೆಲಸ ಕೊಟ್ಟರೆ ಮಗು ತಾನಾಗಿಯೇ ಕಲಿಯುತ್ತದೆ ಎಂಬುದು ಅಲ್ಲಿನ ತತ್ತ್ವ. ಬೆತ್ತವಿಲ್ಲದ ಶಾಲೆಯನ್ನು ಯಾರೂ ಊಹಿಸಿರದ ದಿನಗಳಲ್ಲಿ ಇದು ದೊಡ್ಡ ಮಾತು. ತಾರಾಬಾಯಿ ಅಲ್ಲಿ ಕಲಿತರು, ಕಲಿಸಿದರು, ಬರೆದರು. ಶಿಕ್ಷಣ ಪತ್ರಿಕಾ ಎಂಬ ನಿಯತಕಾಲಿಕದ ಮರಾಠಿ ಆವೃತ್ತಿಯ ಹೊಣೆ ಹೊತ್ತರು. 1926ರಲ್ಲಿ ಇಬ್ಬರೂ ಸೇರಿ ನೂತನ ಬಾಲ ಶಿಕ್ಷಣ ಸಂಘವನ್ನು ಕಟ್ಟಿದರು.

ಮಾಂಟೆಸ್ಸರಿ ಪದ್ಧತಿಯ ಹುಟ್ಟಿನ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಇಂದು ಆ ಹೆಸರು ಕೇಳಿದೊಡನೆ ನಗರವಾಸಿಗಳಾದ ನಮಗೆ ನೆನಪಾಗುವುದು ಶುಲ್ಕದ ಮೊತ್ತ. ಆದರೆ ಮಾರಿಯಾ ಮಾಂಟೆಸ್ಸರಿ 1907ರಲ್ಲಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದದ್ದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡಾವಣೆಯ ಕೂಲಿಕಾರರ ವಠಾರದಲ್ಲಿ. ತಂದೆತಾಯಿ ಇಬ್ಬರೂ ದುಡಿಯಲು ಹೋದ ಮೇಲೆ ನೋಡುವವರಿಲ್ಲದೆ ವಠಾರದ ಗೋಡೆ, ಮೆಟ್ಟಿಲು ಕೆಡಿಸುತ್ತಿದ್ದ ಮಕ್ಕಳಿಗಾಗಿ ಹುಟ್ಟಿದ ಶಾಲೆ ಅದು. ಅವರು ವಾಸಿಸುವ ಕಟ್ಟಡದ ಒಳಗೇ ಅದು ಇತ್ತು. ಕೆಲವೇ ವರ್ಷಗಳಲ್ಲಿ ಆ ಪದ್ಧತಿ ಉಳ್ಳವರ ಮಕ್ಕಳ ಸೊತ್ತಾಯಿತು. 1931ರ ಅಕ್ಟೋಬರಿನಲ್ಲಿ ಗಾಂಧೀಜಿ ಲಂಡನ್ನಿನಲ್ಲಿ ಮಾಂಟೆಸ್ಸರಿಯವರನ್ನು ಭೇಟಿಯಾದಾಗಲೂ ಈ ಶಿಕ್ಷಣ ಕಡುಬಡವರ ಮಕ್ಕಳನ್ನು ಮುಟ್ಟಬೇಕೆಂಬ ಆಸೆಯನ್ನೇ ತೋಡಿಕೊಂಡಿದ್ದರು. ಕೂಲಿಯವರ ಮನೆಯಿಂದ ಹೊರಟು ಸಿರಿವಂತರ ಮನೆ ಸೇರಿದ್ದ ಪದ್ಧತಿಯನ್ನು ಮರಳಿ ಕೂಲಿಯವರ ಅಂಗಳಕ್ಕೆ ಕರೆತಂದದ್ದು ತಾರಾಬಾಯಿಯವರ ಸಾಧನೆ ಎಂದು ನಾನು ತಿಳಿದಿದ್ದೇನೆ.

ಆ ಹಾದಿಗೆ ಬರಲು ಅವರಿಗೂ ಕಾಲ ಹಿಡಿಯಿತು. ಭಾವನಗರದಿಂದ ಮುಂಬಯಿಗೆ ಮರಳಿದ ಅವರು 1936ರಲ್ಲಿ ದಾದರಿನಲ್ಲಿ ಶಿಶುವಿಹಾರವನ್ನು ಆರಂಭಿಸಿದರು. ಮರಾಠಿ ಮಧ್ಯಮ ವರ್ಗದ ನೆಲೆ ಅದು. ಓದಿದ ತಾಯಂದಿರು, ತಿಳಿವಳಿಕೆಯ ತಂದೆಯರು. ಶಾಲೆ ಬೆಳೆಯಿತು, ಶಿಕ್ಷಕಿಯರ ತರಬೇತಿಯೂ ನಡೆಯಿತು. ಐವತ್ತರ ಸಮೀಪಿಸುತ್ತಿದ್ದವರು ಅಲ್ಲಿಗೇ ತೃಪ್ತರಾಗಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ದೇಶದ ಬಹುಪಾಲು ಮಕ್ಕಳು ಹಳ್ಳಿಯಲ್ಲಿದ್ದರು. ದುಬಾರಿ ಉಪಕರಣಗಳ ಪೆಟ್ಟಿಗೆಯನ್ನು ಹೊತ್ತು ಹಳ್ಳಿಗೆ ಹೋಗುವಂತಿರಲಿಲ್ಲ. 1945ರಲ್ಲಿ ಗಾಂಧೀಜಿಯವರ ನಯಿ ತಾಲೀಮಿನ ವ್ಯಾಪ್ತಿ ಏಳು ವರ್ಷದೊಳಗಿನ ಮಕ್ಕಳಿಗೂ ಹರಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ತಾರಾಬಾಯಿ ಠಾಣೆ ಜಿಲ್ಲೆಯ ಕಡಲತೀರದ ಬೋರ್ಡಿ ಗ್ರಾಮದಲ್ಲಿ, ಅಂದರೆ ಈಗಿನ ಪಾಲ್ಘರ್ ಜಿಲ್ಲೆಯಲ್ಲಿ, ಗ್ರಾಮ ಬಾಲ ಶಿಕ್ಷಾ ಕೇಂದ್ರವನ್ನು ತೆರೆದರು. ಆಗ ಅವರಿಗೆ ಐವತ್ತಮೂರು ವರ್ಷ. ಜೊತೆಗೆ ಬಂದವರು ಅನುತಾಯಿ ವಾಘ್. ಬಾಲ್ಯದಲ್ಲಿಯೇ ವಿಧವೆಯಾಗಿ, ಛಲದಿಂದ ಓದಿ ಶಿಕ್ಷಕಿಯಾಗಿದ್ದ ಆಕೆಗೆ ಮೂವತ್ತೈದು. ಈ ಜೋಡಿ ಮುಂದೆ ಅಗಲಲಿಲ್ಲ.

ಬೋರ್ಡಿಯ ಬಾಲವಾಡಿ ಆರಂಭವಾಯಿತು. ಆದರೆ ಯಾರಿಗಾಗಿ ಅದನ್ನು ತೆರೆದರೋ ಆ ಮಕ್ಕಳೇ ಬರಲಿಲ್ಲ. ದಲಿತರ ಕೇರಿಯ ಮಕ್ಕಳು ಊರೊಳಗಿನ ಶಾಲೆಗೆ ಬರಲು ಹಿಂಜರಿದರು. ಬೆಳಗಾಗುತ್ತಲೇ ಕೂಲಿಗೆ ಹೊರಡುವ ತಾಯಿಗೆ ಮಗುವಿನ ಮೈ ತೊಳೆದು, ತಲೆ ಬಾಚಿ, ಕರೆತಂದು ಬಿಡುವ ಪುರಸೊತ್ತು ಎಲ್ಲಿಯದು? ಇಂಥ ಸ್ಥಿತಿಯಲ್ಲಿ ನಮ್ಮ ವ್ಯವಸ್ಥೆ ಸಾಮಾನ್ಯವಾಗಿ ಕೊಡುವ ಉತ್ತರ ಎಲ್ಲರಿಗೂ ಗೊತ್ತಿದೆ: ಪಾಲಕರಿಗೆ ಅರಿವಿಲ್ಲ, ಆಸಕ್ತಿಯಿಲ್ಲ ಎಂದು ವರದಿ ಬರೆದು ಕೈತೊಳೆದುಕೊಳ್ಳುವುದು. ತಾರಾಬಾಯಿ ಹಾಗೆ ಮಾಡಲಿಲ್ಲ. ಮಗು ಶಾಲೆಗೆ ಬಾರದಿದ್ದರೆ ಶಾಲೆಯೇ ಮಗುವಿನ ಬಳಿ ಹೋಗಬೇಕು ಎಂದು ನಿರ್ಧರಿಸಿದರು. ಆಟಿಕೆ, ಬಾಚಣಿಗೆ, ಸಾಬೂನು ತುಂಬಿಕೊಂಡು ಶಿಕ್ಷಕಿಯರು ಕೇರಿಗೇ ನಡೆದರು. ಯಾವುದೋ ಮನೆಯ ಅಂಗಳ ಗುಡಿಸಿ ಕುಳಿತರು. ಮಕ್ಕಳ ಕೈಕಾಲು ತೊಳೆದರು, ಉಗುರು ಕತ್ತರಿಸಿದರು, ಹಾಡು ಹೇಳಿದರು, ಕತೆ ಹೇಳಿದರು. ಅಂಗಳದಲ್ಲಿ ನಡೆದ ಆ ಬಾಲವಾಡಿಯೇ ಅಂಗನವಾಡಿ. 1940ರ ದಶಕದ ಹಳ್ಳಿಯಲ್ಲಿ ಮೇಲ್ಜಾತಿಯ ಮನೆಗಳಿಂದ ಬಂದ ಮಹಿಳೆಯರು ದಲಿತರ ಮಕ್ಕಳನ್ನು ಮುಟ್ಟಿ ಮೀಯಿಸಿದರು ಎಂಬುದು ಬರಿಯ ನೈರ್ಮಲ್ಯದ ಪಾಠವಾಗಿರಲಿಲ್ಲ ಎಂದು ಬೇರೆಯಾಗಿ ಹೇಳಬೇಕಿಲ್ಲ.

ಉಪಕರಣಗಳ ಪ್ರಶ್ನೆಯೂ ಆ ಅಂಗಳದಲ್ಲಿಯೇ ಬಗೆಹರಿಯಿತು. ಬಣ್ಣ, ಆಕಾರ, ಗಾತ್ರ, ಎಣಿಕೆ ಕಲಿಸಲು ಕಪ್ಪೆಚಿಪ್ಪು, ಬೀಜ, ಎಲೆ, ಹರಳು, ಮಣ್ಣು ಸಾಕಾದವು. ಇದು ಬಡತನಕ್ಕೆ ಒಗ್ಗಿಸಿಕೊಂಡ ಕೊರತೆಯ ಶಿಕ್ಷಣ ಎಂದು ಯಾರಾದರೂ ತಿಳಿದರೆ ಅದು ತಪ್ಪು. ಒಂದೂವರೆ ವರ್ಷದ ಮಗು ಬಟ್ಟಲಿನಲ್ಲಿ ಕಾಳು ತುಂಬುತ್ತದೆ, ಸುರಿಯುತ್ತದೆ, ಮತ್ತೆ ತುಂಬುತ್ತದೆ. ನೋಡುವವರಿಗೆ ಅದು ಚೇಷ್ಟೆ. ಮಗುವಿಗೆ ಅದು ತುಂಬಿದ್ದು, ಬರಿದಾದದ್ದು, ಹೆಚ್ಚು, ಕಡಿಮೆ ಎಂಬುದರ ಶೋಧನೆ. ನಮ್ಮ ಉತ್ತರ ಕರ್ನಾಟಕದ ಮಕ್ಕಳು ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ನಾದಿ ಎತ್ತು ಮಾಡುತ್ತಾರೆ. ಮಣ್ಣಿನ ಹದ, ಕಾಲಿನ ಅಳತೆ, ಕೊಂಬಿನ ಬಾಗು ಎಲ್ಲವನ್ನೂ ಬೆರಳೇ ತಿಳಿದುಕೊಳ್ಳುತ್ತದೆ. ಮುಂದೆ ಲೇಖನಿ ಹಿಡಿಯುವುದು ಅದೇ ಬೆರಳು. ನಾನು ತರಗತಿಯಲ್ಲಿ ಸೂಕ್ಷ್ಮ ಸ್ನಾಯುಗಳ ವಿಕಾಸ ಎಂಬ ಪಾಠ ಮಾಡುವಾಗ ವಿದೇಶಿ ಚಿತ್ರಗಳಿಗಿಂತ ಈ ಮಣ್ಣೆತ್ತು ವಿದ್ಯಾರ್ಥಿನಿಯರಿಗೆ ಬೇಗ ಅರ್ಥವಾಗುತ್ತಿತ್ತು.

ಬೋರ್ಡಿಗೂ ಚಚಡಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ತಾರಾಬಾಯಿ ಬೋರ್ಡಿಯಲ್ಲಿ ಪ್ರಯೋಗ ನಡೆಸುತ್ತಿದ್ದ ಮೊದಲ ಹನ್ನೊಂದು ವರ್ಷ ಠಾಣೆಯ ಮಗುವೂ ಸವದತ್ತಿಯ ಮಗುವೂ ಒಂದೇ ಸರ್ಕಾರದ ಮಕ್ಕಳು. ಬಾಲವಾಡಿ ಎಂಬ ಮಾತು ನಮ್ಮ ಭಾಗದ ಹಿರಿಯರ ಬಾಯಲ್ಲಿ ಇಂದಿಗೂ ಸಲೀಸಾಗಿ ಬರುತ್ತದೆ. ನಮ್ಮಲ್ಲಿ ವಾಡೆ ಎಂದರೆ ದೇಸಗತಿಯ ಎತ್ತರದ ಗೋಡೆಯ ಮನೆ. ಹೆಬ್ಬಾಗಿಲು ದಾಟಿ ಒಳಹೋಗುವುದು ಎಲ್ಲರಿಗೂ ಸಾಧ್ಯವಿರಲಿಲ್ಲ. ಮರಾಠಿ, ಗುಜರಾತಿಯ ವಾಡಿ ಎಂದರೆ ತೋಟ, ಗುಂಪುಮನೆ. ಗೋಡೆಯಿಲ್ಲದ ಅಂಗಳದ ವಾಡಿಯಲ್ಲಿ ಯಾವ ಮಗುವಿಗೂ ಹೆಬ್ಬಾಗಿಲು ಅಡ್ಡ ಬರುತ್ತಿರಲಿಲ್ಲ.

ತಾರಾಬಾಯಿ ಅಲ್ಲಿಗೂ ನಿಲ್ಲಲಿಲ್ಲ. ಅಂಗಳದಲ್ಲಿ ಕುಳಿತ ಮೇಲೆ ಅವರ ಕಣ್ಣಿಗೆ ಬಿದ್ದದ್ದು ಕೂಸು ಹೊತ್ತು ನಿಂತ ಅಕ್ಕಂದಿರು. ಅಂಗನವಾಡಿಗೆ ಮೂರರ ಮಗು ಬಂದರೆ ಸಾಲದು. ಅದರ ಹಿಂದೆ ಒಂದೂವರೆಯ ತಂಗಿ, ಆಕೆಯನ್ನು ಹೊತ್ತ ಎಂಟರ ಅಕ್ಕ ಇರುತ್ತಾರೆ. ತಂಗಿಗೆ ಜಾಗ ಸಿಗದ ಹೊರತು ಅಕ್ಕನಿಗೆ ಶಾಲೆಯಿಲ್ಲ. ಕಡ್ಡಾಯ ಶಿಕ್ಷಣದ ಕಾನೂನು ಎಷ್ಟೇ ಬಿಗಿಯಾಗಿರಲಿ, ಕೂಸಿನ ಭಾರ ಇಳಿಯದೆ ಅದು ಜಾರಿಯಾಗದು. ಹೀಗೆ ಯೋಚಿಸಿ ಅವರು ರೂಪಿಸಿದ್ದೇ ವಿಕಾಸವಾಡಿ: ಕೂಸುಗಳ ಪಾಲನಾಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ, ಮೂರೂ ಒಂದೇ ಆವರಣದಲ್ಲಿ. ತಂಗಿ ತೊಟ್ಟಿಲ ಕೋಣೆಯಲ್ಲಿ, ತಮ್ಮ ಬಾಲವಾಡಿಯಲ್ಲಿ, ಅಕ್ಕ ತರಗತಿಯಲ್ಲಿ. ತಾಯಿ ನಿಶ್ಚಿಂತೆಯಿಂದ ಹೊಲದಲ್ಲಿ. ಇದಕ್ಕಿಂತ ಸರಳವಾದ, ಇದಕ್ಕಿಂತ ದೂರದೃಷ್ಟಿಯ ಶಿಕ್ಷಣ ಯೋಜನೆಯನ್ನು ನಾನು ಓದಿಲ್ಲ.

ಅರವತ್ತೈದನೆಯ ವಯಸ್ಸಿನಲ್ಲಿ, 1957ರಲ್ಲಿ, ತಾರಾಬಾಯಿ ತಮ್ಮ ಕೇಂದ್ರವನ್ನು ಬೋರ್ಡಿಯಿಂದ ಕೋಸಬಾಡ್ ಗುಡ್ಡಕ್ಕೆ ಒಯ್ದರು. ವಾರಲಿ ಆದಿವಾಸಿಗಳ ಪ್ರದೇಶ ಅದು. ಮಕ್ಕಳು ಹಗಲೆಲ್ಲ ದನ ಕಾಯುತ್ತಿದ್ದರು. ದನ ಬಿಟ್ಟು ಬಾ ಎಂದರೆ ಮನೆಯ ಅನ್ನಕ್ಕೆ ಸಂಚಕಾರ. ಆಗ ಶಿಕ್ಷಕರು ಹುಲ್ಲುಗಾವಲಿಗೆ ಹೋದರು. ದನ ಮೇಯುತ್ತಿರಲು ಅಲ್ಲಿಯೇ ಪಾಠ ನಡೆಯಿತು. ಕುರಣಶಾಲೆ ಎಂದು ಅದಕ್ಕೆ ಹೆಸರು. ಅಂಗಳದಲ್ಲಿ ಕಂಡುಕೊಂಡ ನ್ಯಾಯವನ್ನೇ ಹುಲ್ಲುಗಾವಲಿಗೆ ಅನ್ವಯಿಸಿದ್ದರು. 1962ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ನೀಡಿತು. 1973ರ ಆಗಸ್ಟ್ 31ರಂದು ಅವರು ತೀರಿಕೊಂಡರು. ಅನುತಾಯಿ 1992ರಲ್ಲಿ ತಾವು ತೀರಿಕೊಳ್ಳುವವರೆಗೂ ಕೋಸಬಾಡಿನ ಕೆಲಸವನ್ನು ಮುನ್ನಡೆಸಿದರು.

ತಾರಾಬಾಯಿ ತೀರಿಕೊಂಡ ಎರಡು ವರ್ಷಕ್ಕೆ, 1975ರ ಅಕ್ಟೋಬರ್ 2ರಂದು, ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಆ ಯೋಜನೆಯ ಕೇಂದ್ರಗಳಿಗೆ ಅಂಗನವಾಡಿ ಎಂಬ ಹೆಸರೇ ಬಂತು. ಇಂದು ದೇಶದಲ್ಲಿ ಸುಮಾರು 14 ಲಕ್ಷ, ನಮ್ಮ ರಾಜ್ಯವೊಂದರಲ್ಲಿಯೇ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಜಗತ್ತಿನಲ್ಲಿ ಎಳೆಯ ಮಕ್ಕಳಿಗಾಗಿ ಇಷ್ಟು ವಿಶಾಲವಾದ ಜಾಲ ಅಪರೂಪ. ಕೋಟ್ಯಂತರ ಮಕ್ಕಳ ಹಸಿವನ್ನು ಅದು ನೀಗಿದೆ, ಲಸಿಕೆಯನ್ನು ಮನೆಬಾಗಿಲಿಗೆ ತಂದಿದೆ. ಅದನ್ನು ಹಳಿಯುವುದು ಸುಲಭ. ಅದಿಲ್ಲದ ಹಳ್ಳಿಯನ್ನು ಊಹಿಸುವುದು ಕಷ್ಟ.

ಆದರೂ ಹೇಳಬೇಕಾದ ಮಾತನ್ನು ಹೇಳಲೇಬೇಕು. ಸರ್ಕಾರ ತಾರಾಬಾಯಿಯವರಿಂದ ಹೆಸರನ್ನು ಪಡೆಯಿತು. ವಿಕಾಸವಾಡಿಯ ವಿಚಾರವನ್ನು ಪಡೆಯಲಿಲ್ಲ. ಮೂರರಿಂದ ಆರು ವರ್ಷದ ಮಕ್ಕಳು ಕೇಂದ್ರಕ್ಕೆ ಬಂದು ಕುಳಿತುಕೊಳ್ಳುತ್ತಾರೆ. ಆರು ತಿಂಗಳಿಂದ ಮೂರು ವರ್ಷದ ಕೂಸುಗಳಿಗೆ ಹೆಚ್ಚಿನ ಕಡೆ ಸಿಗುವುದು ಮನೆಗೆ ಒಯ್ಯುವ ಆಹಾರದ ಪೊಟ್ಟಣ ಮತ್ತು ಆಗಾಗ ನಡೆಯುವ ತೂಕ. ಆಹಾರ ಬೇಕು, ಸಂಶಯವಿಲ್ಲ. ಆದರೆ ಕೂಸಿನ ವಿಕಾಸ ಆಹಾರದಿಂದ ಮಾತ್ರ ಆಗುವುದಿಲ್ಲ. ಮೊದಲ ವರ್ಷದ ಕೊನೆಗೆ ಬರುವ ಮೊದಲ ಮಾತಿನ ಹಿಂದೆ ಸಾವಿರ ಸಲ ಕೂಸಿನ ತೊದಲಿಗೆ ಮರುನುಡಿದ ಒಬ್ಬ ಹಿರಿಯರಿರಬೇಕು. ಎರಡು ವರ್ಷದ ಸುಮಾರಿಗೆ ಎರಡೆರಡು ಪದಗಳನ್ನು ಜೋಡಿಸುವ ಮಗುವಿಗೆ ಕೇಳಿಸಿಕೊಳ್ಳುವ ಕಿವಿ ಬೇಕು. ಆ ವಯಸ್ಸಿನಲ್ಲಿ ಕೂಸನ್ನು ನೋಡಿಕೊಳ್ಳುವುದೂ ಕಲಿಸುವುದೂ ಬೇರೆ ಬೇರೆ ಕೆಲಸಗಳಲ್ಲ. ಉಣಿಸುವಾಗ, ಮೀಯಿಸುವಾಗ, ಮಲಗಿಸುವಾಗಲೇ ಪಾಠ ನಡೆಯುತ್ತದೆ. ಎಂಟು ವರ್ಷದ ಅಕ್ಕ ಅದನ್ನು ಎಷ್ಟೇ ಪ್ರೀತಿಯಿಂದ ಮಾಡಿದರೂ ಅದು ಅವಳ ಕೆಲಸವಲ್ಲ.

2002ರ ಸಂವಿಧಾನ ತಿದ್ದುಪಡಿ ಆರರಿಂದ ಹದಿನಾಲ್ಕರವರೆಗಿನ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಆರು ವರ್ಷದೊಳಗಿನವರ ಪಾಲನೆ ಮತ್ತು ಶಿಕ್ಷಣವನ್ನು ಮಾತ್ರ ರಾಜ್ಯದ ಪ್ರಯತ್ನಕ್ಕೆ ಬಿಟ್ಟಿತು. ಹೀಗೆ ಅಕ್ಕನಿಗೆ ಹಕ್ಕು ಸಿಕ್ಕಿತು, ತಂಗಿಗೆ ಭರವಸೆ ಸಿಕ್ಕಿತು. ತಂಗಿಯ ಭರವಸೆ ಈಡೇರದೆ ಅಕ್ಕನ ಹಕ್ಕು ನಿಜವಾಗದು ಎಂಬುದನ್ನು ಬೋರ್ಡಿಯ ಅಂಗಳ ಅರ್ಧ ಶತಮಾನಕ್ಕೂ ಮೊದಲೇ ತೋರಿಸಿತ್ತು. ಉದ್ಯೋಗ ಖಾತರಿ ಕೂಲಿಕಾರರ ಎಳೆಯ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳನ್ನು ತೆರೆಯುವುದಾಗಿ ಕರ್ನಾಟಕ ಸರ್ಕಾರ 2023ರ ಬಜೆಟ್‌ನಲ್ಲಿ ಪ್ರಕಟಿಸಿದಾಗ ನನ್ನಂಥವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ವಿಕಾಸವಾಡಿಯ ಬಿಟ್ಟುಹೋದ ಕೊಂಡಿ ಅದು. ಅದು ಹತ್ತಿ ಬಿಡಿಸುವ, ಕಬ್ಬು ಕಡಿಯುವ ತಾಯಂದಿರ ಕೂಸುಗಳಿಗೂ ತೆರೆದಿರಬೇಕು. ಹೊಲದ ವೇಳೆಗೆ ಹೊಂದಿಕೊಳ್ಳಬೇಕು. ಅಂಗನವಾಡಿ ಮತ್ತು ಶಾಲೆಯ ಮಗ್ಗುಲಲ್ಲಿಯೇ ಇರಬೇಕು. ಮೂರು ಇಲಾಖೆಗಳ ಮೂರು ಕಟ್ಟಡಗಳು ಊರಿನ ಮೂರು ಮೂಲೆಗಳಲ್ಲಿ ಎದ್ದರೆ ಅಕ್ಕ ಮತ್ತೆ ಕೂಸು ಹೊತ್ತು ನಡೆಯಬೇಕಾಗುತ್ತದೆ.

ಕಾರ್ಯಕರ್ತೆಯರ ಮಾತನ್ನೂ ಇಲ್ಲಿ ಮರೆಯುವಂತಿಲ್ಲ. ತಾರಾಬಾಯಿ ತಮ್ಮ ಜೀವಮಾನದ ಬಹುಭಾಗವನ್ನು ಶಿಕ್ಷಕಿಯರ ತರಬೇತಿಗೆ ಮುಡಿಪಿಟ್ಟರು. ಎಳೆಯ ಮಕ್ಕಳ ಜೊತೆ ಕೆಲಸ ಮಾಡಲು ಹೆಣ್ಣಾಗಿದ್ದರೆ ಸಾಕು ಎಂಬ ನಂಬಿಕೆ ಅವರಿಗಿರಲಿಲ್ಲ. ಅದೊಂದು ವಿದ್ಯೆ, ಕಲಿತು ಮಾಡಬೇಕಾದ ವೃತ್ತಿ ಎಂಬುದು ಅವರ ನಿಲುವಾಗಿತ್ತು. ನಾವು ಆ ವೃತ್ತಿಗೆ ಸಂಬಳ ಕೊಡುವುದಿಲ್ಲ, ಗೌರವಧನ ಕೊಡುತ್ತೇವೆ. ಅಂಗನವಾಡಿ ಕಾರ್ಯಕರ್ತೆ ಮತ್ತು ಸಹಾಯಕಿಯರು ಗ್ರಾಚ್ಯುಟಿಗೆ ಅರ್ಹರು ಎಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು. ಹತ್ತು ದಾಖಲೆ ಪುಸ್ತಕಗಳ ನಡುವೆ, ಸಮೀಕ್ಷೆಗಳ ನಡುವೆ, ಮೊಬೈಲ್‌ನಲ್ಲಿ ಮಾಹಿತಿ ತುಂಬುವ ನಡುವೆ ಆಕೆಗೆ ಮಗುವಿನ ಎದುರು ನೆಲದ ಮೇಲೆ ಕೂಡಲು ವೇಳೆ ಎಷ್ಟು ಉಳಿಯುತ್ತದೆ ಎಂದು ಕೇಳುವವರಿಲ್ಲ.

ನಗರದಲ್ಲಿ ನಾವು ಮೂರು ವರ್ಷದ ಮಗುವಿಗೆ ಅಕ್ಷರ ಬರೆಯಿಸುವ ಶಾಲೆಯನ್ನು ಹುಡುಕುತ್ತೇವೆ. ಹಳ್ಳಿಯವರೂ ಅದನ್ನೇ ನೋಡಿ ಬಯಸುತ್ತಿದ್ದಾರೆ, ಅವರನ್ನು ದೂರುವಂತಿಲ್ಲ. ಎಲ್‌ಕೆಜಿಯ ಫಲಕ ಅಂಗನವಾಡಿಗೆ ಬರಲಿ, ಶಾಲೆಗೆ ಬರಲಿ, ಅದರೊಳಗೆ ಬರುವುದು ಕಾಪಿ ಪುಸ್ತಕವೋ ಕಾಳು ತುಂಬಿದ ಬಟ್ಟಲೋ ಎಂಬುದು ನಿರ್ಣಾಯಕ. ತಾರಾಬಾಯಿಯವರ ಬದುಕು ನೀತಿ ರೂಪಿಸುವವರ ಮುಂದೆ ಇಡುವ ಕ್ರಮ ಸ್ಪಷ್ಟವಾಗಿದೆ: ಮಗು ಎಲ್ಲಿದೆ ಎಂದು ಮೊದಲು ನೋಡಬೇಕು, ಯಾರು ಹೊತ್ತಿದ್ದಾರೆ ಎಂದು ಆಮೇಲೆ ನೋಡಬೇಕು, ಶಾಲೆ ಎಲ್ಲಿ ಕಟ್ಟಬೇಕೆಂಬುದನ್ನು ಕೊನೆಗೆ ತೀರ್ಮಾನಿಸಬೇಕು. ನಾವು ಬಹುಕಾಲದಿಂದ ಕೊನೆಯದರಿಂದಲೇ ಆರಂಭಿಸುತ್ತ ಬಂದಿದ್ದೇವೆ.